ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಟ ಎಷ್ಟು ಬೇಕು? ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಶಾಲೆಗಳು ಮತ್ತೆ ಆರಂಭವಾಗಿರುವ ಈ ಹೊತ್ತಿನಲ್ಲಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳ ಆಟದ ಕುರಿತಾಗಿವೆ. ಉದ್ದದ ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಟ್ಟು ಇಲ್ಲಿ ಉತ್ತರಿಸಲಾಗಿದೆ. ಈ ಉತ್ತರಗಳಲ್ಲಿ ಆಟ ಎಂದಾಗಲೆಲ್ಲ ಓಡುವ, ನೆಗೆಯುವ, ಹತ್ತುವ, ಎಸೆಯುವ, ಮೈ ಬೆವರುವ ಆಟವೆಂದೇ ತಿಳಿಯಬೇಕು. ಚೌಕಾಬಾರ, ಅಳಗುಳಿಮಣೆ, ಕೇರಂಗಳ ಬೆಲೆ ಬೇರೆಯೇ ಇದೆ. ಅವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಪ್ರಶ್ನೆ: ನನ್ನ ಮಗ ಮೂರನೆಯ ತರಗತಿಯಲ್ಲಿದ್ದಾನೆ. ನಾಲ್ಕೂವರೆಗೆ ಶಾಲೆಯ ವ್ಯಾನಿನಲ್ಲಿ ಮನೆಗೆ ಬಂದರೆ ಐದರಿಂದ ಏಳರವರೆಗೆ ಟ್ಯೂಷನ್, ಆಮೇಲೆ ಹೋಂವರ್ಕ್. ಕಳೆದ ವರ್ಷ ಗಣಿತದಲ್ಲಿ ಅಂಕ ಕಡಿಮೆಯಾಯಿತೆಂದು ಸಂಜೆಯ ಆಟವನ್ನು ನಿಲ್ಲಿಸಿದೆವು. ಆದರೂ ಓದಲು ಕೂರಿಸಿದರೆ ಹತ್ತು ನಿಮಿಷಕ್ಕೇ ಎದ್ದು ಓಡಾಡುತ್ತಾನೆ. ಈ ವಯಸ್ಸಿನವರಿಗೆ ದಿನಕ್ಕೆ ಎಷ್ಟು ಆಟ ಬೇಕು? ಆಟದಿಂದ ಓದು ಕೆಡುವುದಿಲ್ಲವೇ? — ತಾಯಿ, ಧಾರವಾಡ

ಉತ್ತರ: ಮೊದಲು ಅಳತೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳು ವಾರದ ಸರಾಸರಿಯಲ್ಲಿ ದಿನಕ್ಕೆ ಕನಿಷ್ಠ 60 ನಿಮಿಷ ಉಸಿರು ಏರುವಷ್ಟು ಶ್ರಮದ ಚಟುವಟಿಕೆಯಲ್ಲಿ ತೊಡಗಿರಬೇಕು. ವಾರಕ್ಕೆ ಮೂರು ದಿನವಾದರೂ ಅದರಲ್ಲಿ ಜೋರಾದ ಓಟವೂ, ಸ್ನಾಯು ಮತ್ತು ಮೂಳೆಗಳಿಗೆ ಬಲ ಕೊಡುವ ನೆಗೆತ, ಹತ್ತುವಿಕೆಗಳೂ ಸೇರಿರಬೇಕು. ಶ್ರಮವನ್ನು ಅಳೆಯಲು ಯಾವ ಉಪಕರಣವೂ ಬೇಕಾಗಿಲ್ಲ. ಆಡುತ್ತಿರುವ ಮಗು ಮಾತನಾಡಬಲ್ಲದು, ಆದರೆ ಹಾಡಲಾರದು ಎಂದಾದರೆ ಅದು ಮಧ್ಯಮ ಶ್ರಮ. ಎರಡು ಮೂರು ಪದಗಳಿಗೇ ಉಸಿರೆಳೆದುಕೊಳ್ಳಬೇಕಾದರೆ ಜೋರು ಶ್ರಮ. ಈ 60 ನಿಮಿಷಗಳನ್ನು ಒಂದೇ ಬಾರಿಗೆ ಮುಗಿಸಬೇಕೆಂದೇನೂ ಇಲ್ಲ. ಮಕ್ಕಳು ಸ್ವಭಾವತಃ ಓಡಿ, ನಿಂತು, ಜಗಳವಾಡಿ, ಮತ್ತೆ ಓಡುವವರು. ಊಟದ ಬಿಡುವಿನ ಮುಟ್ಟಾಟವೂ ಶಾಲೆಗೆ ಬಿರುಸಾಗಿ ನಡೆದು ಹೋಗುವುದೂ ಈ ಲೆಕ್ಕಕ್ಕೆ ಸೇರುತ್ತವೆ.

ಈಗ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ನಿಮ್ಮ ಮಗ ತರಗತಿಯಲ್ಲಿ ಕೂರುತ್ತಾನೆ, ವ್ಯಾನಿನಲ್ಲಿ ಕೂರುತ್ತಾನೆ, ಟ್ಯೂಷನ್ನಿನಲ್ಲಿ ಕೂರುತ್ತಾನೆ, ಮನೆಗೆ ಬಂದು ಹೋಂವರ್ಕಿಗೆ ಕೂರುತ್ತಾನೆ. ಎಂಟು ವರ್ಷದ ಹುಡುಗ ಇಷ್ಟೆಲ್ಲ ಕೂತ ಮೇಲೆ ಹತ್ತು ನಿಮಿಷಕ್ಕೆ ಏಳುವುದರಲ್ಲಿ ನನಗೆ ಯಾವ ದೋಷವೂ ಕಾಣುತ್ತಿಲ್ಲ. ಓದಿನಲ್ಲಿ ನೆಲೆ ನಿಲ್ಲಲು ಮೂರು ಶಕ್ತಿಗಳು ಬೇಕು: ಗಮನವನ್ನು ಹಿಡಿದಿಟ್ಟುಕೊಳ್ಳುವುದು, ಮನಸ್ಸಿಗೆ ಬಂದುದನ್ನು ತಕ್ಷಣ ಮಾಡದೆ ತಡೆದುಕೊಳ್ಳುವುದು, ಒಂದು ಬಗೆಯ ಲೆಕ್ಕದಿಂದ ಇನ್ನೊಂದು ಬಗೆಯದಕ್ಕೆ ಮನಸ್ಸನ್ನು ಹೊರಳಿಸುವುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 9 ವರ್ಷದ 221 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಓಡಾಟದ ಆಟಗಳಲ್ಲಿ ತೊಡಗಿಸಿದರು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಆಡಿದ ಮಕ್ಕಳ ದೇಹಶಕ್ತಿಯ ಜೊತೆಗೆ ತಡೆದುಕೊಳ್ಳುವ ಮತ್ತು ಮನಸ್ಸನ್ನು ಹೊರಳಿಸುವ ಶಕ್ತಿಗಳೂ ಇನ್ನೊಂದು ಗುಂಪಿನವರಿಗಿಂತ ಹೆಚ್ಚು ಸುಧಾರಿಸಿದ್ದವು. ಇದರಿಂದ ಗಣಿತದ ಅಂಕ ಇಷ್ಟೇ ಏರುತ್ತದೆಂದು ನಾನು ಭರವಸೆ ಕೊಡಲಾರೆ. ಆಟದಿಂದ ಓದು ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ಮಾತ್ರ ಖಚಿತವಾಗಿ ಹೇಳಬಲ್ಲೆ. ನಮ್ಮ ಕೆರೆ-ದಡ ಆಟವನ್ನೇ ತೆಗೆದುಕೊಳ್ಳಿ. 'ದಡ' ಎಂದು ಕೂಗುವ ನಿರೀಕ್ಷೆಯಲ್ಲಿ ಮೈ ಆಗಲೇ ಮುಂದಕ್ಕೆ ವಾಲಿರುವಾಗ 'ಕೆರೆ' ಎಂಬುದು ಕಿವಿಗೆ ಬಿದ್ದರೆ, ಎತ್ತಿದ ಕಾಲನ್ನು ಹಿಡಿದು ನಿಲ್ಲಿಸುವುದು ಮೆದುಳಿನ ಕೆಲಸವೇ.

ಶಾಲೆಯಿಂದ ಬಂದವನಿಗೆ ತಿಂಡಿ ಕೊಟ್ಟು ಒಂದು ಗಂಟೆ ಹೊರಗೆ ಬಿಡಿ. ಟ್ಯೂಷನ್ ಅನಿವಾರ್ಯವೆನಿಸಿದರೆ ಅದನ್ನು ಆರಕ್ಕೆ ಸರಿಸಿ ಒಂದು ಗಂಟೆಗೆ ಇಳಿಸಿ. ಮೂರನೆಯ ತರಗತಿಗೆ ಅದು ಬೇಕೇ ಎಂಬ ನನ್ನ ಸಂದೇಹವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಈ ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ದೆ ಬೇಕಾದ್ದರಿಂದ ರಾತ್ರಿಯ ಹೋಂವರ್ಕನ್ನು ಎಳೆಯಬೇಡಿ. ಕೆಲವು ತಿಂಗಳು ಹೀಗೆ ನಡೆಸಿದರೂ ಮನೆ, ಶಾಲೆ ಎರಡೂ ಕಡೆ ಅವನ ಗಮನ ನಿಲ್ಲದಿದ್ದರೆ ಕಣ್ಣು, ಕಿವಿಗಳ ತಪಾಸಣೆಯಿಂದ ಆರಂಭಿಸಿ ಮಕ್ಕಳ ವೈದ್ಯರ ಸಲಹೆ ಪಡೆಯಿರಿ.

ಪ್ರಶ್ನೆ: ನಮ್ಮದು ಎರಡು ಶಿಕ್ಷಕರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿಗಳಿಂದ ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ದೈಹಿಕ ಶಿಕ್ಷಕರಿಲ್ಲ, ಮೈದಾನವಿಲ್ಲ. ಕಟ್ಟಡದ ಮುಂದೆ ಒಂದು ಅಂಗಳವಿದೆ, ಬೇವಿನ ಮರವಿದೆ. ಆಟದ ಪೀರಿಯಡ್ ಎಂದರೆ ದೊಡ್ಡ ಹುಡುಗರಿಗೆ ಚೆಂಡು ಕೊಟ್ಟು ಬಿಡುವುದೆಂದಾಗಿದೆ. ಇಷ್ಟರಲ್ಲೇ ಏನಾದರೂ ಮಾಡಲು ಸಾಧ್ಯವೇ? — ಮುಖ್ಯ ಶಿಕ್ಷಕರು, ರಾಯಚೂರು ಜಿಲ್ಲೆ

ಉತ್ತರ: ಸಾಧ್ಯವಿದೆ, ಆದರೆ ಇಲ್ಲದಿರುವುದನ್ನು ಕೇಳುವುದನ್ನೂ ಬಿಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಕುಡಿಯುವ ನೀರು, ಶೌಚಾಲಯಗಳ ಜೊತೆಗೆ ಆಟದ ಮೈದಾನವನ್ನೂ ಹೇಳುತ್ತದೆ; ಪ್ರತಿ ತರಗತಿಗೂ ಅಗತ್ಯಕ್ಕೆ ತಕ್ಕ ಆಟದ ಸಾಮಗ್ರಿ ಒದಗಿಸಬೇಕೆನ್ನುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿಯಲ್ಲಿ ಈ ಬೇಡಿಕೆಯನ್ನು ಬರೆಯಿಸಿಡಿ. ಶಾಲೆಯ ಹತ್ತಿರ ಪಂಚಾಯಿತಿಯ ಖಾಲಿ ಜಾಗವಿದ್ದರೆ ಅದನ್ನು ಮಕ್ಕಳು ಬಳಸಲು ಬಿಡುವಂತೆ ಗ್ರಾಮಸಭೆಯಲ್ಲಿಯೂ ಕೇಳಬಹುದು.

ಅಂಗಳದ ವಿಚಾರಕ್ಕೆ ಬರೋಣ. ಒಂದು ಚೆಂಡು, ಒಂದು ಬ್ಯಾಟು ಇರುವ ಆಟದಲ್ಲಿ ಒಂದು ಹೊತ್ತಿಗೆ ಮೈ ಬೆವರುವುದು ಮೂವರು ನಾಲ್ವರಿಗೆ. ಉಳಿದವರು ಚೆಂಡಿಗಾಗಿ ಕಾಯುತ್ತಾರೆ, ಚಿಕ್ಕವರು ಮತ್ತು ಹೆಣ್ಣುಮಕ್ಕಳು ಗೋಡೆಗೆ ಒರಗಿ ನೋಡುತ್ತಾರೆ. ಆದ್ದರಿಂದ ಆಟವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದರಲ್ಲಿ ಒಮ್ಮೆಗೇ ಎಷ್ಟು ಮಕ್ಕಳು ಓಡುತ್ತಾರೆ ಎಂಬುದು. ಅಂಗಳದ ಒಂದು ಬದಿಯಲ್ಲಿ ಸುಣ್ಣದಿಂದಲೋ ಇದ್ದಿಲಿನಿಂದಲೋ ಮೂರು ನಾಲ್ಕು ಕುಂಟೆಬಿಲ್ಲೆಯ ಮನೆಗಳನ್ನು ಬರೆಸಿದರೆ ಹತ್ತು ಹನ್ನೆರಡು ಮಕ್ಕಳಿಗೆ ಸರದಿ ಬೇಗ ಬೇಗ ಬರುತ್ತದೆ. ಹೆಂಚಿನ ಚೂರೊಂದನ್ನು ಬಿಟ್ಟರೆ ಅದಕ್ಕೆ ಖರ್ಚಿಲ್ಲ. ಒಂದು ಕಾಲಿನ ಮೇಲೆ ನೆಗೆದು, ಗೆರೆ ತುಳಿಯದೆ ನಿಂತು, ಬಗ್ಗಿ ಬಿಲ್ಲೆ ಎತ್ತುವುದರಲ್ಲಿ ಸಮತೋಲ, ಕಾಲಿನ ಬಲ, ಅಂದಾಜು ಎಲ್ಲವೂ ಬಳಕೆಯಾಗುತ್ತವೆ. ಹಳೆಯ ಬಟ್ಟೆ ಸುತ್ತಿದ ಮೆತ್ತನೆಯ ಚೆಂಡು, ಏಳು ಚಪ್ಪಟೆ ಕಲ್ಲುಗಳಿದ್ದರೆ ಲಗೋರಿ. ಅಂಗಳ ಉದ್ದವಾಗಿದ್ದರೆ ಕೊಕ್ಕೊ. ಮರದ ನೆರಳಿನಲ್ಲಿ ಉದ್ದ ಹಗ್ಗವನ್ನು ಇಬ್ಬರು ತಿರುಗಿಸಿ ಉಳಿದವರು ಸಾಲಾಗಿ ಬಂದು ಹಾರುವ ಆಟಕ್ಕೆ ಒಂದನೆಯ ತರಗತಿಯವರೂ ಬೇಗ ಕೂಡಿಕೊಳ್ಳುತ್ತಾರೆ.

ಔಟಾದವರು ಹೊರಗೆ ಕೂರುವ ನಿಯಮವನ್ನು ಮಾತ್ರ ಸಡಿಲಿಸಿ. ಹೆಚ್ಚು ಓಡಬೇಕಾದ ಮಗು, ಅಂದರೆ ನಿಧಾನ ಓಡುವ ದಪ್ಪ ಅಥವಾ ಅಶಕ್ತ ಮಗು, ಮೊದಲು ಔಟಾಗಿ ಇಡೀ ಪೀರಿಯಡ್ ಕೂರುವುದು ಆ ನಿಯಮದ ಫಲ. ಔಟಾದವರು ಮರವನ್ನು ಎರಡು ಸುತ್ತು ಹಾಕಿ ಮತ್ತೆ ಆಟಕ್ಕೆ ಬರಬಹುದು, ಇಲ್ಲವೇ ಎದುರು ತಂಡಕ್ಕೆ ಸೇರಬಹುದು. ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಈಗಾಗಲೇ ಒಟ್ಟಿಗೆ ಗುಂಪಾಗಿ ಕೂತು ಕಲಿಯುತ್ತಿರುವುದರಿಂದ ಬೇರೆ ಬೇರೆ ವಯಸ್ಸಿನವರನ್ನು ಬೆರೆಸಿ ತಂಡ ಮಾಡುವುದು ನಿಮ್ಮ ಶಾಲೆಗೆ ಹೊಸದೇನಲ್ಲ. ನಾಲ್ಕು, ಐದನೆಯ ತರಗತಿಯವರು ಚಿಕ್ಕವರಿಗೆ ಆಟ ಹೇಳಿಕೊಡಲಿ. ಜಗಳಗಳು ಬರುತ್ತವೆ, ಪೆಟ್ಟಾಗುವ ಹಂತಕ್ಕೆ ಹೋಗದ ಹೊರತು ತೀರ್ಪು ಕೊಡಲು ಧಾವಿಸಬೇಡಿ. ನಿಯಮವನ್ನು ತಾವೇ ಮಾಡಿ, ತಾವೇ ಮುರಿದು, ತಾವೇ ರಾಜಿಯಾಗುವುದನ್ನು ಮಕ್ಕಳು ಪಾಠದಿಂದ ಕಲಿಯುವುದು ಕಷ್ಟ.

ಯಾವ ಸಾಮಗ್ರಿಯೂ ಇಲ್ಲದೆ ನಡೆಯುವ ಇನ್ನೊಂದು ಕ್ರಮವನ್ನು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ನಗರದ ಪ್ರಾಥಮಿಕ ಶಾಲೆಯೊಂದು 2012ರಲ್ಲಿ ಆರಂಭಿಸಿತು. ಪ್ರತಿದಿನ ಯಾವುದಾದರೂ ಒಂದು ಹೊತ್ತಿನಲ್ಲಿ ಇಡೀ ತರಗತಿ ಹೊರಗೆ ಬಂದು, ಸಮವಸ್ತ್ರವನ್ನೂ ಬದಲಿಸದೆ, 15 ನಿಮಿಷ ತಮ್ಮ ತಮ್ಮ ವೇಗದಲ್ಲಿ ಓಡಿ ಅಥವಾ ನಡೆದು ಒಳಗೆ ಹೋಗುತ್ತದೆ. ಅಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಅದು ಮುಂದೆ ಬಹಳಷ್ಟು ದೇಶಗಳ ಶಾಲೆಗಳಿಗೆ ಹರಡಿತು. ಪ್ರಾರ್ಥನೆ ಮುಗಿದೊಡನೆ ಶಾಲೆಯನ್ನು ಸುತ್ತುವ 15 ನಿಮಿಷ ನಿಮ್ಮಲ್ಲಿಯೂ ಕಷ್ಟವಾಗದು. ನಿಮ್ಮ ಜಿಲ್ಲೆಯ ಬಿಸಿಲಿನಲ್ಲಿ ಮಾರ್ಚ್ ನಂತರ ಜೋರು ಆಟವೆಲ್ಲ ಬೆಳಗಿನಲ್ಲಿಯೇ ಮುಗಿಯಬೇಕು. ಆಡುವ ಮೊದಲೂ ನಡುವೆಯೂ ನೀರು ಕುಡಿಸಬೇಕು. ಬಿಸಿಯೂಟ ಉಂಡ ಮೇಲೆ ಸ್ವಲ್ಪ ಹೊತ್ತು ನೆರಳಿನ ಆಟ ಸಾಕು.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಗ್ಗಿ ಒಪ್ಪಿಸದ, ಕಾಪಿ ಬರೆಯದ ಮಗುವನ್ನು ಆಟದ ಹೊತ್ತಿನಲ್ಲಿ ಒಳಗೆ ಕೂರಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹಳ ಹಳೆಯದು. ಶಿಕ್ಷೆಯಾಗಿಯಾಗಲಿ ಪಾಠದ ಕಾರಣಕ್ಕಾಗಲಿ ಬಿಡುವಿನ ಆಟವನ್ನು ಕಿತ್ತುಕೊಳ್ಳಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2013ರಲ್ಲಿಯೇ ನಿಲುವು ತಳೆದಿದೆ. ಹೀಗೆ ಒಳಗೆ ಉಳಿಯುವುದು ಸಾಮಾನ್ಯವಾಗಿ ಅದೇ ಮೂರು ನಾಲ್ಕು ಮಕ್ಕಳು, ಅವರಿಗೇ ಆಟ ಹೆಚ್ಚು ಬೇಕಾಗಿರುತ್ತದೆ.

ಪ್ರಶ್ನೆ: ನಾವಿರುವ ಅಪಾರ್ಟ್‌ಮೆಂಟ್‌ನಲ್ಲಿ ಚೆಂಡಾಟಕ್ಕೆ ನಿಷೇಧವಿದೆ, ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಓಡಾಟವಿದೆ. ಹಾಗಾಗಿ ಏಳು ವರ್ಷದ ಮಗಳನ್ನು ವಾರಕ್ಕೆ ಎರಡು ದಿನ ಬ್ಯಾಡ್ಮಿಂಟನ್ ಕೋಚಿಂಗ್‌ಗೆ ಸೇರಿಸಿದ್ದೇವೆ. ಇಷ್ಟು ಸಾಕಾಗುತ್ತದೆಯೇ? — ಪೋಷಕರು, ಬೆಂಗಳೂರು

ಉತ್ತರ: ಕೋಚಿಂಗ್ ಒಳ್ಳೆಯದೇ, ಆದರೆ ಅದು ವಾರದ ಐದು ದಿನಗಳನ್ನು ಖಾಲಿ ಬಿಡುತ್ತದೆ. ಜೊತೆಗೆ ಕೋರ್ಟಿನಲ್ಲಿ ಸರದಿಗಾಗಿ ಕಾಯುವ ಹೊತ್ತನ್ನು ಕಳೆದರೆ ಒಂದು ಗಂಟೆಯ ಶುಲ್ಕಕ್ಕೆ ಮಗು ಓಡಿದ್ದು ಎಷ್ಟು ನಿಮಿಷ ಎಂಬುದನ್ನು ನೀವೇ ಒಂದು ದಿನ ನಿಂತು ನೋಡಬೇಕು.

ಕೋಚಿಂಗ್‌ನಲ್ಲಿ ಏನು ಮಾಡಬೇಕೆಂಬುದನ್ನು ದೊಡ್ಡವರು ಹೇಳುತ್ತಾರೆ. ಅಂಗಳದ ಆಟದಲ್ಲಿ ಅದನ್ನು ಮಕ್ಕಳೇ ನಿರ್ಧರಿಸುತ್ತಾರೆ: ಯಾರು ಕಳ್ಳ, ಯಾರು ಪೊಲೀಸ್, ಎಲ್ಲಿಯವರೆಗೆ ಗಡಿ, ಚಿಕ್ಕ ತಂಗಿಯನ್ನು ಲೆಕ್ಕಕ್ಕಿಲ್ಲದವಳೆಂದು ಸೇರಿಸಿಕೊಳ್ಳುವುದೋ ಬೇಡವೋ. ಈ ಎರಡನೆಯ ಬಗೆಯದು ಒಂದು ದಿನವೂ ತಪ್ಪದಿರುವುದು ಏಳನೆಯ ವಯಸ್ಸಿನಲ್ಲಿ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಒಂದೇ ಕ್ರೀಡೆಯನ್ನು ವರ್ಷವಿಡೀ ತೀವ್ರವಾಗಿ ಅಭ್ಯಾಸ ಮಾಡಿಸುವುದನ್ನು ಹದಿಹರೆಯದವರೆಗೆ ಮುಂದೂಡುವಂತೆಯೇ ಕ್ರೀಡಾ ವೈದ್ಯರು ಸಲಹೆ ನೀಡುತ್ತಾರೆ. ಒಂದೇ ಭುಜ, ಒಂದೇ ಮೊಣಕೈಗೆ ಮತ್ತೆ ಮತ್ತೆ ಬೀಳುವ ಭಾರದಿಂದ ನೋವುಗಳು ಶುರುವಾಗುತ್ತವೆ, ಬೇಸರದಿಂದ ಆಟವನ್ನೇ ಬಿಡುವವರೂ ಇದ್ದಾರೆ.

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಸಂಜೆ ಐದರಿಂದ ಆರೂವರೆಯವರೆಗೆ ಒಂದು ಭಾಗಕ್ಕೆ ವಾಹನ ಬಾರದಂತೆ ಸರಪಳಿ ಹಾಕಲು, ಸ್ಪಂಜಿನ ಚೆಂಡಿಗೆ ಅನುಮತಿ ನೀಡಲು ಕೇಳಿ. ಗಾಜು ಒಡೆಯುವುದೆಂಬ ಆಕ್ಷೇಪಕ್ಕೆ ಮುಟ್ಟಾಟ, ಕಣ್ಣಾಮುಚ್ಚಾಲೆ, ಹಗ್ಗದಾಟಗಳಲ್ಲಿ ಚೆಂಡೇ ಇಲ್ಲವೆಂಬುದು ಉತ್ತರ. ಗದ್ದಲವಾಗುತ್ತದೆಂಬ ಆಕ್ಷೇಪಕ್ಕೆ ಮಾತ್ರ ಉತ್ತರವಿಲ್ಲ, ಗದ್ದಲವಾಗುತ್ತದೆ. ಆಟವಾಡುವುದು ಮಕ್ಕಳ ಹಕ್ಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ, ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ ಎಂಬುದನ್ನು ಸಭೆಯಲ್ಲಿ ನೆನಪಿಸಿದರೆ ತಪ್ಪಾಗದು. ಉಳಿದ ದಿನಗಳಲ್ಲಿ ಹತ್ತಿರದ ಪಾರ್ಕಿಗೆ ನಡೆಸಿಕೊಂಡು ಹೋಗಿ, ನೀವು ಬೆಂಚಿನ ಮೇಲೆ ಕೂತಿದ್ದು ಅವಳನ್ನು ಅವಳ ಪಾಡಿಗೆ ಬಿಡಿ.

ಪ್ರಶ್ನೆ: ಹೊರಗೆ ಆಡಿದರೆ ಕಣ್ಣಿನ ಪವರ್ ಹೆಚ್ಚುವುದಿಲ್ಲವೆಂದು ಕೇಳಿದ್ದೇನೆ. ನಿಜವೇ? ನನ್ನ ಮಗನಿಗೆ ಎರಡನೆಯ ತರಗತಿಯಲ್ಲೇ ಮೈನಸ್ ಕನ್ನಡಕ ಬಂದಿದೆ. — ತಂದೆ, ಮೈಸೂರು

ಉತ್ತರ: ನೀವು ಕೇಳಿದ್ದರಲ್ಲಿ ಅರ್ಧ ನಿಜವಿದೆ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ಶಾಲೆಗಳ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿದಿನ 40 ನಿಮಿಷದ ಹೊರಾಂಗಣ ತರಗತಿಯನ್ನು ಹೆಚ್ಚುವರಿಯಾಗಿ ಸೇರಿಸಲಾಯಿತು. ಮೂರು ವರ್ಷಗಳ ಬಳಿಕ ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ಮೈನಸ್ ಕನ್ನಡಕ ಬೇಕಾಗುವ ದೋಷ, ಬಂದವರು ಶೇ 30.4, ಎಂದಿನಂತೆ ನಡೆದ ಶಾಲೆಗಳಲ್ಲಿ ಶೇ 39.5. ಹಗಲಿನ ಹೊರಾಂಗಣದ ಬೆಳಕು ಕೋಣೆಯ ಬೆಳಕಿಗಿಂತ ಹಲವು ಪಟ್ಟು ಪ್ರಖರವಾಗಿರುತ್ತದೆ. ಆ ಬೆಳಕಿಗೆ ಅಕ್ಷಿಪಟಲದಲ್ಲಿ ಬಿಡುಗಡೆಯಾಗುವ ಡೋಪಮಿನ್ ಎಂಬ ರಾಸಾಯನಿಕವು ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆಂಬುದು ಈಗಿನ ವಿವರಣೆ. ಹಾಗಾಗಿ ಹಗಲಿನಲ್ಲಿ ಹೊರಗಿರುವುದು ಕನ್ನಡಕ ಬರುವುದನ್ನು ತಡೆಯಲು ಅಥವಾ ತಡವಾಗಿಸಲು ನೆರವಾಗುತ್ತದೆ. ಬಂದಿರುವ ಪವರನ್ನು ಇಳಿಸುತ್ತದೆಂಬ ಆಸೆ ಬೇಡ. ನಿಮ್ಮ ಮಗ ಕನ್ನಡಕ ಹಾಕಿಕೊಂಡೇ ಆಡಲಿ. ಕಣ್ಣಿನ ವೈದ್ಯರು ಹೇಳಿದ ಅವಧಿಗೆ ತಪ್ಪದೆ ತಪಾಸಣೆ ಮಾಡಿಸಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಹುಡುಗರ ಜೊತೆ ಚಿನ್ನಿದಾಂಡು ಆಡುತ್ತಾಳೆ, ಸೀಬೆಮರ ಹತ್ತುತ್ತಾಳೆ. ಇನ್ನೇನು ದೊಡ್ಡವಳಾಗುವ ವಯಸ್ಸು, ಆಟ ಕಡಿಮೆ ಮಾಡಿಸಿ ಎಂದು ನೆಂಟರು ಹೇಳುತ್ತಾರೆ. ಸೊಸೆಗೂ ಕೈಕಾಲು ಮುರಿದುಕೊಂಡಾಳೆಂಬ ಭಯ. ನನಗೆ ಅವಳನ್ನು ತಡೆಯಲು ಮನಸ್ಸಿಲ್ಲ. ತಾವು ಏನು ಹೇಳುತ್ತೀರಿ? — ಅಜ್ಜ, ತಿಪಟೂರು

ಉತ್ತರ: ಹಿರಿಯರೇ, ತಮ್ಮ ಮನಸ್ಸು ಹೇಳುತ್ತಿರುವುದು ಸರಿಯಾಗಿದೆ, ಅದಕ್ಕೆ ವೈದ್ಯಶಾಸ್ತ್ರದ ಬೆಂಬಲವೂ ಇದೆ. ಮನುಷ್ಯರ ಮೂಳೆ ಸುಗ್ಗಿಯಲ್ಲಿ ತುಂಬಿಸಿ ಜೀವನವಿಡೀ ಉಣ್ಣುವ ಕಣಜದಂಥದ್ದು; ತುಂಬುವ ಕಾಲ ಬಾಲ್ಯ ಮತ್ತು ಹದಿಹರೆಯ. ಹೆಚ್ಚುಕಡಿಮೆ ಇಪ್ಪತ್ತು ವರ್ಷದ ಹೊತ್ತಿಗೆ ಮೂಳೆಯ ಸಾಂದ್ರತೆಯ ಬಹುಪಾಲು ಕೂಡಿ ಮುಗಿದಿರುತ್ತದೆ. ಹೆಣ್ಣುಮಕ್ಕಳಲ್ಲಿ ಈ ತುಂಬುವಿಕೆ ಅತ್ಯಂತ ವೇಗವಾಗಿ ನಡೆಯುವುದು ಹನ್ನೆರಡು ಹದಿಮೂರರ ಆಸುಪಾಸಿನಲ್ಲಿ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಹೆಂಗಸರಲ್ಲೇ ಹೆಚ್ಚೆಂಬುದನ್ನು ನೆನೆದರೆ, ಮೂಳೆಗೆ ಬಲ ಸೇರುವ ವರ್ಷಗಳ ಬಾಗಿಲಲ್ಲಿಯೇ ಹುಡುಗಿಯನ್ನು ಒಳಗೆ ಕೂರಿಸುವ ನಮ್ಮ ಪದ್ಧತಿ ಎಷ್ಟು ದುಬಾರಿಯೆಂಬುದು ತಿಳಿಯುತ್ತದೆ.

ಮೂಳೆಗೆ ಬೇಕಾದದ್ದು ಹಾಲು, ರಾಗಿ, ಬಿಸಿಲುಗಳ ಜೊತೆಗೆ ಪೆಟ್ಟು; ಅಂದರೆ ನೆಗೆದು ನೆಲಕ್ಕೆ ಬಿದ್ದಾಗ ಕಾಲು, ಸೊಂಟಗಳ ಮೂಳೆಗೆ ತಗಲುವ ಅದುರು. ಅಮೆರಿಕದ ಒರೆಗಾನ್‌ನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಎರಡು ಅಡಿ ಎತ್ತರದ ಪೆಟ್ಟಿಗೆಯಿಂದ ಪ್ರತಿ ಸಲ 100 ಬಾರಿಯಂತೆ ವಾರಕ್ಕೆ ಮೂರು ಸಲ, ಏಳು ತಿಂಗಳು ಹಾರಿದರು. ಬರಿಯ ಮೈಮುರಿತದ ವ್ಯಾಯಾಮ ಮಾಡಿದ ಮಕ್ಕಳಿಗಿಂತ ಅವರ ಸೊಂಟ ಮತ್ತು ಬೆನ್ನಿನ ಮೂಳೆಗಳಲ್ಲಿ ಖನಿಜ ಹೆಚ್ಚಾಗಿ ಕೂಡಿತ್ತು. ತಮ್ಮ ಮೊಮ್ಮಗಳು ಸೀಬೆಮರದಿಂದ ನೆಗೆಯುವಾಗ ಇದನ್ನೇ ಪುಕ್ಕಟೆಯಾಗಿ ಮಾಡುತ್ತಿದ್ದಾಳೆ.

ಇನ್ನು ಸೊಸೆಯವರ ಭಯದ ವಿಚಾರ. ಮರ ಹತ್ತುವ ಮಕ್ಕಳಲ್ಲಿ ಕೆಲವರ ಕೈ ಮುರಿಯುತ್ತದೆ, ಅದನ್ನು ಅಲ್ಲಗಳೆಯಲಾಗದು. ಒಣಗಿದ ಕೊಂಬೆ ಯಾವುದೆಂದು ತೋರಿಸಿಕೊಡಿ, ಮಳೆಯಲ್ಲಿ ನೆನೆದ ಮರ ಬೇಡವೆನ್ನಿ, ಮರದ ಕೆಳಗಿನ ಕಲ್ಲುಗಳನ್ನು ತೆಗೆಸಿ. ತಾನಾಗಿ ಹತ್ತಲಾರದ ಎತ್ತರಕ್ಕೆ ಅವಳನ್ನು ಎತ್ತಿ ಕೂರಿಸಬೇಡಿ. ಮರಕ್ಕಿಂತ ಚಿನ್ನಿದಾಂಡಿನ ಬಗ್ಗೆಯೇ ನನಗೆ ಹೆಚ್ಚು ಆತಂಕ. ಚೂಪು ತುದಿಯ ಚಿನ್ನಿ ಹಾರಿ ಬಂದು ಕಣ್ಣಿಗೆ ತಗುಲಿ ದೃಷ್ಟಿ ಹೋದ ಪ್ರಕರಣಗಳು ನಮ್ಮ ದೇಶದ ಕಣ್ಣಿನ ಆಸ್ಪತ್ರೆಗಳಿಗೆ ಹೊಸವಲ್ಲ. ಚಿನ್ನಿಯ ತುದಿಗಳನ್ನು ಉಜ್ಜಿ ಮೊಂಡಾಗಿಸಿ; ಎದುರು ನಿಂತು ಹಿಡಿಯುವವರು ಸಾಕಷ್ಟು ದೂರದಲ್ಲಿರಲಿ. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ತೊಳೆಯದೆ, ಯಾವ ಔಷಧವನ್ನೂ ಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನೆಂಟರಿಗೆ ಹೇಳಲು ವೈದ್ಯರ ಮಾತು ಬೇಕಿದ್ದರೆ ಇದನ್ನು ತೋರಿಸಿ: ಮೈನೆರೆದ ಮೇಲೂ, ಮುಟ್ಟಿನ ದಿನಗಳಲ್ಲಿಯೂ, ಹುಡುಗಿಗೆ ಮನಸ್ಸಿದ್ದರೆ ಓಡುವುದಕ್ಕೆ, ನೆಗೆಯುವುದಕ್ಕೆ ವೈದ್ಯಕೀಯವಾಗಿ ಯಾವ ಅಡ್ಡಿಯೂ ಇಲ್ಲ. ಲಂಗ ಅಡ್ಡಬರುತ್ತದೆಂದು ಎಷ್ಟೋ ಹುಡುಗಿಯರು ತಾವಾಗಿಯೇ ಆಟ ಬಿಡುತ್ತಾರೆ; ಅವಳಿಗೊಂದು ಚಡ್ಡಿಯೋ ಪೈಜಾಮವೋ ಕೊಡಿಸಿ.

ಪ್ರಶ್ನೆ: ಮಗನಿಗೆ ಆಸ್ತಮಾ ಇದೆ. ಓಡಿದರೆ ಕೆಮ್ಮುತ್ತಾನೆ. ಆಟ ಬಿಡಿಸಬೇಕೇ? — ತಾಯಿ, ಮಡಿಕೇರಿ

ಉತ್ತರ: ಬಿಡಿಸಬೇಡಿ. ಓಡುವಾಗ ಬಾಯಿಂದ ಎಳೆದುಕೊಳ್ಳುವ ತಣ್ಣನೆಯ, ಒಣ ಗಾಳಿಗೆ ಶ್ವಾಸನಾಳಗಳು ಬಿಗಿಯುವುದರಿಂದ ಈ ಕೆಮ್ಮು ಬರುತ್ತದೆ. ಮೊದಲ ಹತ್ತು ನಿಮಿಷ ನಡಿಗೆ, ನಿಧಾನ ಓಟ ಮಾಡಿಸಿ ಆಮೇಲೆ ಆಟಕ್ಕೆ ಇಳಿದರೆ ಹಲವರಿಗೆ ಅದು ಕಡಿಮೆಯಾಗುತ್ತದೆ. ಆಟಕ್ಕೆ 10-15 ನಿಮಿಷ ಮೊದಲು ಇನ್ಹೇಲರ್ ತೆಗೆದುಕೊಳ್ಳಬೇಕೇ ಎಂಬುದನ್ನು ನಿಮ್ಮ ವೈದ್ಯರಲ್ಲಿ ಕೇಳಿ; ಕೊಟ್ಟಿದ್ದರೆ ಅದಕ್ಕೆ ಜೋಡಿಸುವ ಕೊಳವೆಯ (ಸ್ಪೇಸರ್) ಜೊತೆಗೇ ಬಳಸಿ, ಒಂದನ್ನು ಶಾಲೆಯಲ್ಲಿಯೂ ಇಡಿಸಿ. ಇನ್ಹೇಲರ್ ಚಟವಾಗುತ್ತದೆಂಬುದು ಸುಳ್ಳು. ಆದರೆ ದಿನವೂ ಓಡಿದಾಗಲೆಲ್ಲ ಕೆಮ್ಮು ಬರುವುದು, ರಾತ್ರಿ ಕೆಮ್ಮಿನಿಂದ ಏಳುವುದು ಇದ್ದರೆ ಆಸ್ತಮಾ ಹತೋಟಿಯಲ್ಲಿಲ್ಲವೆಂದೇ ಅರ್ಥ. ಆಗ ಬದಲಾಗಬೇಕಾದದ್ದು ಚಿಕಿತ್ಸೆ.

ಪ್ರಶ್ನೆ: ನಾಲ್ಕನೆಯ ತರಗತಿಯ ಮಗಳು ಬೇರೆ ಮಕ್ಕಳಂತೆ ಓಡುವುದಿಲ್ಲ. ಸ್ವಲ್ಪ ಆಡಿದರೂ ಸುಸ್ತೆಂದು ಕೂರುತ್ತಾಳೆ. ಸೋಮಾರಿತನವೆಂದು ಮೇಷ್ಟ್ರು ಬೈಯುತ್ತಾರೆ. ತೆಳ್ಳಗಿದ್ದಾಳೆ, ಆಡಿದರೆ ಇನ್ನೂ ಸೊರಗುತ್ತಾಳೆಂದು ನಾವೂ ಒತ್ತಾಯಿಸಿಲ್ಲ. — ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ರಕ್ತ ಪರೀಕ್ಷೆ ಮಾಡಿಸಿ. 5ರಿಂದ 11 ವರ್ಷದವರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11.5 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ರಕ್ತಹೀನತೆಯಿರುವ ಮಗುವಿನ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲವಾದ್ದರಿಂದ ಅದು ಬೇಗ ದಣಿಯುತ್ತದೆ. ಆಡುವ ಆಸೆಯೇ ಕುಂದುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಸೋಮಾರಿತನದಂತೆಯೇ ಕಾಣುತ್ತದೆ. ಸರ್ಕಾರಿ ಶಾಲೆಯಲ್ಲಿದ್ದರೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು, ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ಅವಳು ನಿಜವಾಗಿ ನುಂಗುತ್ತಿದ್ದಾಳೆಯೇ ಎಂದು ವಿಚಾರಿಸಿ. ಹೊಟ್ಟೆ ತೊಳಸುತ್ತದೆಂದು ಬಿಸಾಡುವ ಮಕ್ಕಳು ಬಹಳ. ಊಟದ ನಂತರ ನುಂಗಿದರೆ ತೊಳಸುವುದು ಕಡಿಮೆ. ಚಹಾ, ಹಾಲುಗಳ ಜೊತೆಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಸೇರಿ ಕರುಳಿನಲ್ಲಿ ರಕ್ತ ಹೀರುವುದರಿಂದ, ಬಯಲಿನಲ್ಲಿ ಆಡುವಾಗ ಕಾಲಿಗೆ ಚಪ್ಪಲಿಯೋ ಶೂವೋ ಇರಲಿ.

ಆಡಿದರೆ ಸೊರಗುತ್ತಾಳೆಂಬುದು ಸರಿಯಲ್ಲ. ಆಡಿದ ಮಗುವಿಗೆ ಹಸಿವಾಗುತ್ತದೆ. ಆ ಹಸಿವಿಗೆ ತಕ್ಕಂತೆ ರೊಟ್ಟಿ, ಬೇಳೆ, ಪುಂಡಿಪಲ್ಲೆ, ಶೇಂಗಾ, ಮೊಟ್ಟೆ ಸಿಕ್ಕರೆ ಮೈ ಸ್ನಾಯುವಿನಿಂದ ತುಂಬಿಕೊಳ್ಳುತ್ತದೆ. ಆದರೆ ಓಡುವಾಗ ಎದೆನೋವು ಬರುವುದು, ತುಟಿ ನೀಲಿಯಾಗುವುದು, ತಲೆಸುತ್ತಿ ಬೀಳುವುದು, ಕೀಲುಗಳು ಊದಿ ನೋಯುವುದು ಇವುಗಳಲ್ಲಿ ಯಾವುದಿದ್ದರೂ ಆಟ ನಿಲ್ಲಿಸಿ ತಡಮಾಡದೆ ಜಿಲ್ಲಾಸ್ಪತ್ರೆಯಲ್ಲಿ ಹೃದಯದ ತಪಾಸಣೆ ಮಾಡಿಸಬೇಕು. ಈ ಉತ್ತರವನ್ನು ಮೇಷ್ಟ್ರಿಗೂ ಓದಲು ಕೊಡಿ.

ಪ್ರಶ್ನೆ: ಆಟದಲ್ಲಿ ಬಿದ್ದು ಹಲ್ಲು ಪೂರ್ತಿ ಕಳಚಿ ಬಂದರೆ ಏನು ಮಾಡಬೇಕು? — ಶಿಕ್ಷಕಿ, ಕುಂದಾಪುರ

ಉತ್ತರ: ಹಾಲುಹಲ್ಲಾಗಿದ್ದರೆ ಅದನ್ನು ಮತ್ತೆ ಕೂರಿಸಬಾರದು, ರಕ್ತ ನಿಲ್ಲಲು ಶುದ್ಧ ಬಟ್ಟೆ ಒತ್ತಿಹಿಡಿದು ಹಲ್ಲಿನ ವೈದ್ಯರಿಗೆ ತೋರಿಸಿದರೆ ಸಾಕು. ಬಾಯಿಯ ಮುಂಭಾಗದ ನಡುವಿನ ಶಾಶ್ವತ ಹಲ್ಲುಗಳು 6ರಿಂದ 8 ವರ್ಷದ ನಡುವೆ ಬರುವುದರಿಂದ ಎರಡನೆಯ, ಮೂರನೆಯ ತರಗತಿಯ ಮಕ್ಕಳದು ಶಾಶ್ವತ ಹಲ್ಲಾಗಿರುವ ಸಾಧ್ಯತೆಯೇ ಹೆಚ್ಚು. ಅದಾದರೆ ನಿಮಿಷಗಳ ಲೆಕ್ಕವಿದೆ. ಹಲ್ಲನ್ನು ಹುಡುಕಿ, ಬಿಳಿಯ ಭಾಗವನ್ನಷ್ಟೇ ಹಿಡಿದೆತ್ತಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಶುದ್ಧ ನೀರಿನಲ್ಲೋ ಒಮ್ಮೆ ಅದ್ದಿ ತೆಗೆಯಿರಿ. ಮಗು ಸಹಕರಿಸಿದರೆ ಅದರ ಗುಳಿಯಲ್ಲೇ ಕೂರಿಸಿ, ಕರವಸ್ತ್ರವನ್ನು ಮೆಲ್ಲನೆ ಕಚ್ಚಿ ಹಿಡಿಯಲು ಹೇಳಿ. ಆಗದಿದ್ದರೆ ಹಲ್ಲನ್ನು ಕಾಗದದಲ್ಲಿ ಸುತ್ತದೆ, ನೀರಿನಲ್ಲಿಯೂ ನೆನೆಹಾಕದೆ, ಬಿಸಿ ಮಾಡದ ಹಾಲಿನಲ್ಲಿ ಮುಳುಗಿಸಿಡಿ. ಹತ್ತಿರದ ಅಂಗಡಿಯ ನಂದಿನಿ ಪೊಟ್ಟಣ ಸಾಕು. ಅರ್ಧ ಗಂಟೆಯೊಳಗೆ ಹಲ್ಲಿನ ವೈದ್ಯರನ್ನು ತಲುಪಿದರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ, ಒಂದು ಗಂಟೆ ದಾಟಿದರೆ ಬಹಳ ಕಡಿಮೆಯಾಗುತ್ತದೆ. ಹೋಗುವಾಗ ಲಸಿಕೆಯ ಕಾರ್ಡನ್ನೂ ತರಲು ಮನೆಯವರಿಗೆ ಫೋನ್ ಮಾಡಿ. ಧನುರ್ವಾಯುವನ್ನೂ ತಡೆಯುವ, ಐದು ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ ಬೂಸ್ಟರ್ ಆಗಿದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.